ಕಾಣದ ಗೋಡೆಗೆ ಬಣ್ಣ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ‘ಇವರಿಗೆ’,

ಹೆಸರು ಹಿಡಿದು ಕರೆದರೆ ಅತ್ತೆ ಇವತ್ತಿಗೂ ಹುಬ್ಬೇರಿಸುತ್ತಾರೆ, ಕಾಗದದಲ್ಲಾದರೂ ಅವರ ಮರ್ಯಾದೆ ಉಳಿಯಲಿ. ಹೇಗಿದ್ದೀರಿ? ಹಡಗಿನ ಒಲೆ ತಾಗಿ ಕೈಮೇಲೆ ಎದ್ದಿದ್ದ ಬೊಬ್ಬೆ ಒಣಗಿತೇ? ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯಿಂದಲೇ ಬಳಿದು ತಿನ್ನುವ ಚಾಳಿ ಬಿಟ್ಟಿರೋ ಇಲ್ಲವೋ? ಇಲ್ಲಿ ಅತ್ತೆಯ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಫೋನಿನಲ್ಲಿ ನಿಮ್ಮ ಮಾತು ಅರ್ಧ ಸಮುದ್ರದ ಪಾಲಾಗುತ್ತದೆ, ಉಳಿದರ್ಧ ‘ಹುಷಾರು, ಹುಷಾರು’ ಅನ್ನುವುದರಲ್ಲೇ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಕಿವಿಯೊಳಗಿನ ಸೋಂಕು ವಾಸಿಯಾದರೂ ಅದು ಬಿಟ್ಟುಹೋದ ತಲೆಸುತ್ತು ಹೋಗಲಿಲ್ಲವೆಂದು ನಿಮಗೆ ಗೊತ್ತೇ ಇದೆ. ಬೋರ್ಡು ಬರೆದು ಬದುಕುವವಳಿಗೆ ನೆಲದ ಮೇಲೆ ನಿಲ್ಲುವುದೇ ಕಷ್ಟವಾದರೆ ಏಣಿಯ ಮಾತೆಲ್ಲಿ ಬಂತು? ನೀವು ಹೋದ ಮೇಲೆ ಡಾಕ್ಟರಮ್ಮ ಮತ್ತೊಮ್ಮೆ ನೋಡಿ, “ಕಿವಿ ಇಷ್ಟೇ ಇನ್ನು. ಪಾದಕ್ಕೆ ಸಮತೋಲ ಕಲಿಸ್ಬೇಕು. ತೈ ಚಿ ಅಂತ ಚೀನಾದ ವ್ಯಾಯಾಮ ಇದೆ, ನಿಧಾನವಾಗಿ ಮಾಡೋದು. ಮನೇಲೇ ಶುರು ಮಾಡಿ, ಪಕ್ಕದಲ್ಲೊಂದು ಕುರ್ಚಿ ಇಟ್ಕೊಳ್ಳಿ” ಅಂದರು. ಮನೆಗೆ ಬಂದವಳೇ ಊಟದ ಮೇಜನ್ನು ಗೋಡೆಗೆ ತಳ್ಳಿ, ಫೋನನ್ನು ಬಣ್ಣದ ಡಬ್ಬಿಗಳಿಗೆ ಒರಗಿಸಿ ನಿಂತೆ. ವೀಡಿಯೋದಲ್ಲಿ ಬೂದು ಅಂಗಿಯ ಒಬ್ಬ ಅಜ್ಜಿ. ಆಕೆಯ ಭಾಷೆ ನನಗೆ ಬಾರದು, ಆದರೆ ಮೈಯ ಭಾಷೆಗೆ ತರ್ಜುಮೆ ಬೇಕಿಲ್ಲವಲ್ಲ. ಮೊದಲು ಚಿ ಗಾಂಗ್: ನಿಂತಲ್ಲೇ ಮೊಣಕಾಲು ಸಡಿಲಬಿಟ್ಟು, ಉಸಿರು ಏರುವಾಗ ಕೈ ಏರಿಸುವುದು, ಇಳಿಯುವಾಗ ಇಳಿಸುವುದು. ಇಷ್ಟೇನಾ ಅಂದುಕೊಂಡೆ. ಸ್ವಲ್ಪ ಹೊತ್ತಿಗೇ ತೊಡೆ ನಡುಗಿ, ಬೆವರಿಳಿದು, ಕುರ್ಚಿ ಹಿಡಿದುಕೊಂಡೆ.

ಅತ್ತೆ ಕಿಟಕಿ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದರು. “ಏನಮ್ಮಾ ಇದು, ಕಾಣದ ಗೋಡೆಗೆ ಬಣ್ಣ ಬಳೀತಿದೀಯಾ?” ಅಂದರು. ನಗು ಬಂದು ಉಸಿರಿನ ಲೆಕ್ಕ ತಪ್ಪಿತು. ಆದರೆ ಅವರು ಹೇಳಿದ್ದು ನಿಜವೇ. ‘ಮೋಡದಂತೆ ಕೈ’ ಎಂಬ ಚಲನೆಯಲ್ಲಿ ಕೈಗಳು ಎದುರಿಗೆ ತೇಲುತ್ತಾ ಹೋಗುತ್ತವೆ, ಭಾರವೆಲ್ಲ ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟುತ್ತದೆ. ಖಾಲಿಯಾದ ಕಾಲನ್ನಷ್ಟೇ ಎತ್ತಬೇಕು. ನಾನೋ ಇಷ್ಟು ವರ್ಷ ಭಾರ ಎಲ್ಲಿದೆಯೆಂದು ಒಮ್ಮೆಯೂ ಯೋಚಿಸದೆ ಏಣಿ ಹತ್ತಿದವಳು. ಅಜ್ಜಿಯ ಎಡಗಡೆ ನನಗೆ ಬಲಗಡೆಯಾಗಿ ಕಾಣುತ್ತಿತ್ತು, ದಿನವೂ ಗೋಜಲು. ಆದರೂ ಬಿಡಲಿಲ್ಲ. ಬೆಳಿಗ್ಗೆ ಬೀದಿಯಲ್ಲಿ ಬೇಕರಿಯವನ ಶಟರು ಎದ್ದ ಸದ್ದಾದರೆ ನನ್ನ ಅಭ್ಯಾಸ ಶುರು.

ಸ್ವಲ್ಪ ಧೈರ್ಯ ಬಂತು ನೋಡಿ, ಕೊಬ್ಬೂ ಬಂತು. ಒಂದು ದಿನ ಕುರ್ಚಿಯನ್ನು ದೂರ ಸರಿಸಿ, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತೆ. ಮನೆಯೇ ಮಗುಚಿದಂತಾಗಿ ಕಪಾಟಿಗೆ ಹೋಗಿ ಬಡಿದೆ. ಭುಜ ಊದಿಕೊಂಡಿತು (ಈಗ ಸರಿಯಾಗಿದೆ, ಗಾಬರಿಯಾಗಬೇಡಿ), ಅದಕ್ಕಿಂತ ಮನಸ್ಸು ಕುಸಿಯಿತು. ನೆಲದ ಮೇಲೆ ಕೂತು ಮಗುವಿನಂತೆ ಅತ್ತುಬಿಟ್ಟೆ. ಇದೆಲ್ಲ ನನ್ನಿಂದಾಗದು, ಕುಂಚಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆ. ಆಮೇಲೆ ಕೆಲವು ದಿನ ಫೋನನ್ನು ಒರಗಿಸಲೇ ಇಲ್ಲ.

ಒಂದು ಬೆಳಿಗ್ಗೆ ಎದ್ದು ಬಂದರೆ ನಿಮ್ಮಮ್ಮನೇ ಹಾಲ್‌ನಲ್ಲಿ ಕುರ್ಚಿಯ ಬೆನ್ನು ಹಿಡಿದು, ಮೊಣಕಾಲು ಒಂದು ದಿಕ್ಕಿಗೆ, ಪಾದ ಒಂದು ದಿಕ್ಕಿಗೆ ಮಾಡಿಕೊಂಡು ನಿಂತಿದ್ದಾರೆ! “ಹಾಗಲ್ಲ ಅತ್ತೆ, ಬಿದ್ದೀರಿ” ಎಂದು ಓಡಿದೆ. “ಹಾಗಾದ್ರೆ ಹೇಗೆ? ಬಾಯಲ್ಲಿ ಹೇಳ್ಬೇಡ, ಮಾಡಿ ತೋರ್ಸು” ಅಂದರು. ಪಕ್ಕದಲ್ಲಿ ನಿಂತು ತೋರಿಸಿದೆ. ಅವರ ಪಾದ ಸರಿಮಾಡುವುದರಲ್ಲಿ, ಹೆಗಲು ಇಳಿಸಿ ಎನ್ನುವುದರಲ್ಲಿ ಎಷ್ಟು ಹೊತ್ತು ಹೋಯಿತೋ, ನಡುವೆ ನೋಡಿಕೊಂಡರೆ ನಾನು ಏನನ್ನೂ ಹಿಡಿಯದೆ ಎಡಗಾಲೊಂದರ ಮೇಲೆ ನಿಂತಿದ್ದೆ. ತಲೆ ಸುತ್ತಿತ್ತೋ ಇಲ್ಲವೋ, ಗಮನಿಸಲು ನನಗೆ ಪುರುಸೊತ್ತೇ ಇರಲಿಲ್ಲ. ಅವರು ಬೇಕೆಂದೇ ತಪ್ಪು ಮಾಡಿದ್ದರೇ ಎಂದು ಕೇಳಿದ್ದಕ್ಕೆ, “ನಂಗೇನು ಹುಚ್ಚಾ?” ಅಂದರು. ನೀವೇ ತೀರ್ಮಾನಿಸಿ.

ಅಂದಿನಿಂದ ಇಬ್ಬರೂ ಸೇರಿಯೇ ಮಾಡುತ್ತೇವೆ. ಸುತ್ತು ಬರುತ್ತದೆ, ಇಲ್ಲವೆಂದಲ್ಲ. ಬಂದಾಗ ಮೊಣಕಾಲು ಸಡಿಲಿಸಿ, ಭಾರವನ್ನು ಕೆಳಗಿಳಿಸಿ, ಉಸಿರು ಬಿಟ್ಟು ಕಾಯುತ್ತೇನೆ, ಅದು ದಾಟಿ ಹೋಗುತ್ತದೆ. ಅತ್ತೆ ಈಗ ಸ್ನಾನದ ಮನೆಗೆ ಗೋಡೆ ಹಿಡಿಯದೆ ಹೋಗುತ್ತಾರೆ, ಆದರೆ ಅದನ್ನು ಹೊಗಳಿದರೆ ಬೈಯುತ್ತಾರೆ.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅತ್ತೆಯ ಆಶೀರ್ವಾದ ಎಂದಿನಂತೆ ಎರಡು ಬೈಗುಳದ ಜೊತೆಗಿದೆ. ಹೊಟ್ಟೆ ತುಂಬ ಉಣ್ಣಿ, ಕೂತು ಉಣ್ಣಿ.

ನಿಮ್ಮ,
ಮನೆಯವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಅತ್ತೆ ಅಂಚೆ ಡಬ್ಬಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಔಷಧಿ ಅಂಗಡಿಯ ಗೋಡೆಗೆ ಬೋರ್ಡು ಬರೆಯಲು ಕಟ್ಟಿದ್ದ ಬಿದಿರಿನ ಸಾರುವೆ ಹತ್ತಿದೆ. ಮೇಲಿನವರೆಗಲ್ಲ, ಮೊದಲ ಹಲಗೆಯವರೆಗೆ. ಕೆಳಗಿನ ಸಾಲು ಪೂರ್ತಿ ಬರೆದೆ, ಒಮ್ಮೆ ಸುತ್ತು ಬಂತು, ನಿಂತು ಕಾದೆ, ನಾನೇ ಇಳಿದು ಬಂದೆ. ಮೇಲಿನ ಸಾಲನ್ನು ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಬಿಟ್ಟೆ, ಅದಕ್ಕೇನೂ ಬೇಸರವಾಗಲಿಲ್ಲ. ನನಗೋಸ್ಕರ ಕೆಲಸ ಬಿಟ್ಟು ಬರುತ್ತೇನೆ ಅಂದಿದ್ದಿರಲ್ಲ, ಆ ರಾಜೀನಾಮೆ ಕೊಡಬೇಡಿ. ನಿಮಗೇ ಸಮುದ್ರ ಸಾಕಾಗಿದ್ದರೆ ಅದು ಬೇರೆ, ಕಣ್ಣುಮುಚ್ಚಿ ಬನ್ನಿ. ಆದರೆ ನನ್ನನ್ನು ಹಿಡಿದುಕೊಳ್ಳಲು ಬರಬೇಡಿ. ಸುಮ್ಮನೆ ಜೊತೆಗಿರಲು ಬನ್ನಿ.