ಬೇರೆ ಇಟ್ಟ ತಟ್ಟೆ

ತಮ್ಮಾ,

ನಿನ್ನ ಫೋನು ಇವತ್ತೂ ಸ್ವಿಚ್ ಆಫ್. ವಿಳಾಸವೂ ಗೊತ್ತಿಲ್ಲದೆ ಬರೆಯುತ್ತಿದ್ದೇನೆ, ಇನ್ನೇನು ಮಾಡಲಿ ಹೇಳು?

ಮರುದಿನ ಶಾಲೆಯಲ್ಲಿ ಮಕ್ಕಳಿಗೆ ಮಾಡಬೇಕಾದ ಜೀವಶಾಸ್ತ್ರದ ಪಾಠವನ್ನು ಮೊದಲು ನಿನ್ನೆದುರು ಹೇಳಿ ನೋಡುತ್ತಿದ್ದೆನಲ್ಲ, ಈಗ ಅಮ್ಮನೆದುರು ಹೇಳುತ್ತೇನೆ. ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರಿಗೆ ಅಂಟಿದ ವೈರಸ್ಸುಗಳ ಅವಶೇಷ ಇಂದಿಗೂ ಎಲ್ಲರ ಡಿಎನ್‌ಎಯಲ್ಲಿದೆ, ನೂರಕ್ಕೆ ಎಂಟು ಪಾಲು ಅದೇ, ಎಚ್‌ಐವಿ ಕೂಡ ಅದೇ ಬಳಗದ್ದು ಎಂದೆ.

ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ನನ್ನೊಳಗೂ ಇದ್ಯೇನೇ?"

"ಎಲ್ಲರೊಳಗೂ ಇದೆಯಮ್ಮಾ."

"ಹಾಗಾದ್ರೆ ನನ್ನ ತಟ್ಟೇನೂ ಬೇರೆ ಇಡ್ಬೇಕಿತ್ತು."

ಎಚ್‌ಐವಿ ಇದೆ ಅಂತ ನಿನ್ನ ರಿಪೋರ್ಟ್ ಬಂದ ದಿನ ನಿನ್ನ ತಟ್ಟೆಯನ್ನು ಬೇರೆ ಇಟ್ಟವಳು ಅವಳೇ ತಾನೆ.

"ತಟ್ಟೆಯಿಂದ ಅದು ಯಾರಿಗೂ ಅಂಟಲ್ಲಮ್ಮಾ."

"ಇಷ್ಟೆಲ್ಲ ಓದಿದವಳು, ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತೇನೇ?"

ನಾನು ಪುಸ್ತಕ ಮುಚ್ಚಿದೆ.

ಅವಳು ಸ್ಟೂಲು ಹತ್ತಿ, ಕಪಾಟಿನ ಮೇಲಿದ್ದ ನಿನ್ನ ತಟ್ಟೆ ಇಳಿಸಿ, ತೊಳೆದು, ಅದರಲ್ಲೇ ಬಡಿಸಿಕೊಂಡು ಕೂತಳು.

ಮಾತ್ರೆ ಬಿಡದೆ ತಗೊಳ್ತಿದ್ದೀಯೇನೋ? ಎಲ್ಲಿದ್ದೀಯೋ? ನಿನ್ನ ಕಾಲಿಗೆ ಬೀಳ್ತೀನಿ, ಬಂದುಬಿಡೋ. ಈ ಮನೆಯಲ್ಲಿ ನಿನಗೀಗ ಬೇರೆ ತಟ್ಟೆ ಇಲ್ಲ. ಅದರಲ್ಲಿ ಅಮ್ಮ ಉಣ್ಣುತ್ತಾಳೆ.

ನಿನ್ನ ಅಕ್ಕ