ಗಾಳೆಮ್ಮನ ಒಡಪು

೫ ಮಾರ್ಚ್ ೧೯೮೫, ಮಂಗಳವಾರ. ಯಲಬುರ್ಗಾ.

ಮತಪೆಟ್ಟಿಗೆ ಒಪ್ಪಿಸಿ ಬಂದಾಯಿತು. ಗಾಳೆಮ್ಮನ ಮುಖ ಮಾತ್ರ ಕಣ್ಣೆದುರಿನಿಂದ ಹೋಗುತ್ತಿಲ್ಲ.

ಎಪ್ಪತ್ತೆಂಟರ ವಿಧಾನಸಭೆ ಚುನಾವಣೆಗೂ, ಇಂದಿನಂತೆ, ಕುಕನೂರಿನಾಚೆಯ ಇದೇ ಸಾಲೆಯಲ್ಲಿ ಮಾಸ್ತರನಾದ ನನಗೆ ಮತಗಟ್ಟೆ ಕೆಲಸ ಬಿದ್ದಿತ್ತು. ಪಟ್ಟಿಯಲ್ಲಿ ಮೂವರು ಗಾಳೆಮ್ಮಂದಿರು. ಗಂಡನ ಹೆಸರು ತಿಳಿಯದೆ ಮತಪತ್ರ ಕೊಡುವಂತಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಹೆಣ್ಣುಮಕ್ಕಳು ಈ ಸೀಮೆಯಲ್ಲಿಲ್ಲ. ಉಳಿದಿಬ್ಬರು ಪಕ್ಕದವರಿಂದ ಹೇಳಿಸಿದರು. ಈಕೆ ಸೆರಗು ಸರಿಮಾಡಿಕೊಂಡು, ಗಂಡನ ಹೆಸರು ಹೇಳದೆ ಒಳಗೆ ಬಿಡದ ಮದುವೆಮನೆಯ ಬಾಗಿಲಲ್ಲಿ ನಿಂತವಳಂತೆ, ಆ ಹೆಸರು ಹೆಣೆದ ಒಡಪು ಹೇಳಿದಳು:

"ಬಿಳಿಜ್ವಾಳದ ರೊಟ್ಟಿ, ಬೆಣ್ಣಿ ತುಂಬಿದ ಬಟ್ಟಲ, ಯಂಕೋಬನ ಹೆಸರ ಹೇಳೀನಿ, ಬಿಡ್ರಿ ಬಾಗಲ."

ಎರಡೂ ಪಕ್ಷದ ಏಜೆಂಟರು ಒಟ್ಟಿಗೆ ನಕ್ಕರು. ಗಂಡಸರ ಸಾಲಿನಲ್ಲಿದ್ದ ಯಂಕೋಬ ನಾಚಿ, ರುಮಾಲನ್ನು ಕಣ್ಣಿನವರೆಗೆ ಎಳೆದುಕೊಂಡ. ಆ ಸಲ ಗೆದ್ದವರು ಎಷ್ಟು ಮತದಿಂದ ಗೆದ್ದರೋ ಮರೆತಿದ್ದೇನೆ. ಆ ನಗು ಮರೆತಿಲ್ಲ.

ಇಂದು ಅವಳನ್ನು ಕಂಡೊಡನೆ ಹುಮ್ಮಸ್ಸು ಬಂತು. ಪಟ್ಟಿಯಲ್ಲಿ ಅವಳ ಹೆಸರಿನ ಮೇಲಿನ ಸಾಲಿನಲ್ಲೇ ಯಂಕೋಬನ ಹೆಸರಿತ್ತು.

"ಒಡಪಿನಾಗ ಹೇಳಬೇಕ ನೋಡ ಯಕ್ಕ, ಹಂಗ ಬಿಡೂದಿಲ್ಲ" ಎಂದೆ.

ಅವಳು ಹಣೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

"ಯಂಕೋಬ" ಎಂದಳು. ಬರೀ ಹೆಸರು.

ಪಟ್ಟಿ ನೋಡುವ ಮೊದಲು ನಾನು ಅವಳ ಹಣೆ ನೋಡಬೇಕಿತ್ತು. ಅಲ್ಲಿ ಕುಂಕುಮವಿರಲಿಲ್ಲ.

ಮತಪತ್ರ ಕೊಡುವ ಮುನ್ನ ಅವಳ ಹೆಸರಿಗೆ ಎಳೆಯಬೇಕಾದ ಗೆರೆ ಎಳೆಯದೆ, ಪಟ್ಟಿಯಲ್ಲಿ ಇನ್ನೂ ಉಳಿದಿದ್ದ ಯಂಕೋಬನ ಹೆಸರನ್ನೇ ನೋಡುತ್ತ ಕೂತೆ. ಕೊನೆಗೆ ಅವಳೇ ಮೆಲ್ಲಗೆ ಅಂದಳು:

"ಬಾಗಲ ಬಿಡ್ರಿ, ಮಾಸ್ತರ."