ಹೊಸದು ಗಾಡಿಗೆ, ಹಳೆಯದು ಪೆಟ್ಟಿಗೆಗೆ

ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಭಾವ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಕೆಮ್ಮು ಬಿಟ್ಟಿತೆ? ಪ್ರಯಾಣ ಮುಗಿಸಿ ಬಂದು ಮೂರು ವಾರವಾಯಿತು. ಪತ್ರಿಕೆಗಳಿಗಾದರೆ ಮೂರೇ ದಿನದಲ್ಲಿ ಬರೆದು ಹಾಕುವವನು ನಿಮಗೆ ಇಷ್ಟು ತಡಮಾಡಿದೆ, ಬೈಯಿರಿ. "ಮುನಿಸಿಪಾಲಿಟಿಗೆ ಬರಿಯೋಕೆ ಕೈ ಓಡುತ್ತೆ, ನಮ್ಮಣ್ಣನಿಗೆ ಬರಿಯೋಕೆ ಓಡಲ್ವಾ?" ಎಂದು ನಿಮ್ಮ ತಂಗಿ ದಿನಾ ಚುಚ್ಚಿದಳು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಕೃತಜ್ಞತೆಯ ಹಿಂದೆ ಇನ್ನೊಂದು ಮಾತು ನಿಂತಿದೆ. ಅದನ್ನು ಕೇಳಿದ ಮೇಲೆ, ಮುಂದಿನ ತಿಂಗಳು ನೀವು ನಮ್ಮ ಜೊತೆ ಗಾಡಿ ಹತ್ತುತ್ತೀರೋ ಇಲ್ಲವೋ ಎಂಬ ಭಯ ನನಗೆ. ಅದು ಕೊನೆಗಿರಲಿ.

ಹೊರಡುವುದಕ್ಕೆ ಒಂದು ವಾರ ಮುಂಚೆ ನೀವು ನಮ್ಮ ಅಂಗಳದಲ್ಲಿ ಗೋಣಿ ಹಾಸಿಕೊಂಡು ಕೂತು ಬಿಡಿಭಾಗದ ಪೆಟ್ಟಿಗೆ ಕಟ್ಟಿದಿರಲ್ಲ, ಅಲ್ಲಿಂದ ಶುರುಮಾಡುತ್ತೇನೆ. ನಾನು ತಂದಿದ್ದ ಹೊಸ ಫ್ಯಾನ್ ಬೆಲ್ಟನ್ನು ಗಾಡಿಗೆ ಹಾಕಿದಿರಿ. ಚೆನ್ನಾಗಿಯೇ ಓಡುತ್ತಿದ್ದ ಹಳೆಯದನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದಿರಿ. ರೇಡಿಯೇಟರ್ ಪೈಪಿಗೂ ಅದೇ ನ್ಯಾಯ. "ಇದೇನು ಭಾವ, ತಿರುಗಾಮುರುಗಾ?" ಎಂದು ಕೇಳಿದೆ.

"ಹೊಸ ಸಾಮಾನು ಹೊಸ ಅಳಿಯ ಇದ್ದ ಹಾಗೆ ಭಾವ. ಹೊರಗಿಂದ ಎಲ್ಲಾ ಚೆನ್ನಾಗೇ ಕಾಣುತ್ತೆ. ಕೈ ಕೊಡೋದಿದ್ರೆ ಇಲ್ಲೇ ಊರಲ್ಲೇ ಕೊಡಲಿ. ಹಳೇದು ಸಂಸಾರ ಮಾಡಿ ತೋರಿಸಿದೆ, ಅದನ್ನ ಜೊತೇಲಿ ಕರ್ಕೊಂಡು ಹೋಗಿ" ಎಂದಿರಿ.

ನೀವು ಅತ್ತ ಹೋದಿರಿ, ನಾನು ಇತ್ತ ಗಾಡಿಯ ಕೈಪಿಡಿ ತೆರೆದೆ. ಓದಿದವನಲ್ಲವೆ! ಜೊತೆಗಿಡುವ ಬಿಡಿಭಾಗ ಹೊಸದೇ ಇರಬೇಕೆಂದು ಅದರಲ್ಲಿತ್ತು. ಬಟ್ಟೆ ಸುತ್ತಿದ ನಿಮ್ಮ ಹಳೆಯ ಸಾಮಾನನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದೆ. ಇನ್ನೊಂದು ಹೊಸ ಬೆಲ್ಟು ತಂದು, ಸೀಲು ಒಡೆಯದ ಡಬ್ಬಿಗಳನ್ನು ಸಾಲಾಗಿ ಜೋಡಿಸಿದೆ. ತಮ್ಮ ಗಾಡಿಯಲ್ಲಿ ಜೊತೆಗೆ ಬರುವ ಹಲ್ಲಿನ ಡಾಕ್ಟರು ಪೆಟ್ಟಿಗೆ ನೋಡಿ ನಕ್ಕಾರು ಎಂಬ ಅಳುಕೂ ಇತ್ತೆಂದು ಒಪ್ಪುತ್ತೇನೆ.

ಎರಡನೆಯ ದಿನ ಮಧ್ಯಾಹ್ನ ಒಣಗಿದ ಹೊಳೆಯ ನಡುವೆ ಇದ್ದೆವು. ಅಲ್ಲಿ ಸೇತುವೆ ಕಟ್ಟುತ್ತೇವೆಂದು ನಾನು ಕೆಲಸಕ್ಕೆ ಸೇರಿದ ವರ್ಷ ಹೇಳಿದ್ದರು. ನಾನು ನಿವೃತ್ತನಾದೆ. ದಡದಲ್ಲಿ ಮೂರು ಅಡಿಗಲ್ಲುಗಳಿವೆ, ಮೂರರ ಮೇಲೂ ಬೇರೆ ಬೇರೆ ಮಂತ್ರಿಗಳ ಹೆಸರಿದೆ. ಸೇತುವೆ ಮಾತ್ರ ಇಲ್ಲ! ಮೊದಲು ಡಾಕ್ಟರ ಗಾಡಿಯ ಟೈರು ಸೀಳಿತು. ಅಷ್ಟು ದೊಡ್ಡ ಹೊಸ ಗಾಡಿಗೆ ಸ್ಟೆಪ್ನಿಯೇ ಇಲ್ಲ ಭಾವ, ಒಂದು ಸೀಸೆ ಅಂಟು ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಅಂಗೈ ಅಗಲದ ಸೀಳಿಗೆ ಅಂಟು ಸುರಿದು ಏನು ಮಾಡುವುದು? ಅವರಿಗೆ ಸಹಾಯ ಮಾಡೋಣವೆಂದು ಗಾಡಿ ತಿರುಗಿಸಿದೆ. ಕಲ್ಲೊಂದು ಹಾರಿ ಒಳಗೆ ಸಿಕ್ಕಿ ನಮ್ಮ ಬೆಲ್ಟೂ ಹರಿಯಿತು.

ಗತ್ತಿನಿಂದ ಹೊಸ ಡಬ್ಬಿ ಒಡೆದೆ. ಡಬ್ಬಿಯ ಮೇಲೆ ನಂಬರು ಅದೇ, ಒಳಗಿನ ಬೆಲ್ಟು ಎರಡು ಬೆರಳು ಗಿಡ್ಡ. ಫೋನಿಗೆ ಸಿಗ್ನಲ್ ಇಲ್ಲ. ಕುಡಿಯಲು ಎರಡು ಬಾಟಲಿ ನೀರು ಉಳಿದಿತ್ತು. ತಯಾರಕರು, ಅಂಗಡಿಯವರು, ತಪಾಸಣೆ ಇಲಾಖೆ ಎಂದು ನಾನು ಒಬ್ಬೊಬ್ಬರನ್ನೇ ಹಿಡಿದು ಕೂಗಾಡಿದೆ. ಡಾಕ್ಟರು ಬಂಡೆಯ ಮೇಲೆ ಕೂತು, "ಸಾರ್, ಸಂಪಾದಕರಿಗೆ ಒಂದು ಪತ್ರ ಹಾಕಿ ನೋಡಿ, ಬೆಲ್ಟು ಬಂದ್ರೂ ಬರಬಹುದು" ಎಂದರು.

ಆಗ ನಿಮ್ಮ ತಂಗಿ ಹಿಂದಿನ ಸೀಟಿನ ಕೆಳಗಿನಿಂದ ಹೊದಿಕೆಯ ಗಂಟೊಂದನ್ನು ಎಳೆದಳು. ಅಟ್ಟದಲ್ಲಿದ್ದ ನಿಮ್ಮ ಸಾಮಾನು ಒಂದೂ ಬಿಡದೆ ಅದರಲ್ಲಿತ್ತು. "ಮೂವತ್ತೆರಡು ವರ್ಷದಿಂದ ನಿಮ್ಮನ್ನ ನೋಡ್ತಿದ್ದೀನಿ" ಎಂದಳು, ಅಷ್ಟೇ. ಹಳೆಯ ಬೆಲ್ಟಿಗೆ, ಅದನ್ನು ಹಾಕಲು ಬೇಕಾದ ಎರಡು ಸ್ಪ್ಯಾನರುಗಳನ್ನೇ ದಾರದಿಂದ ಕಟ್ಟಿದ್ದಿರಿ. ಜೊತೆಗೊಂದು ಚೀಟಿ, ನಿಮ್ಮ ದುಂಡು ಅಕ್ಷರದಲ್ಲಿ: "ಭಾವ, ಮೊದಲು ಇಂಜಿನ್ ತಣ್ಣಗಾಗಲಿ. ನೀವೂ."

ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು. ಅಂಥ ನಗು ಆ ಹೊಳೆಯಲ್ಲಿ ನೀರಿದ್ದಾಗಲೂ ಕೇಳಿರಲಾರದು. ಅರ್ಧ ಗಂಟೆ ಕಾದು, ಬೆಲ್ಟು ಹಾಕಿ, ಸೀಳಿದ ಟೈರನ್ನೂ ಡಾಕ್ಟರನ್ನೂ ಹೇರಿಕೊಂಡು ಸಂಜೆಯೊಳಗೆ ಡಾಂಬರು ರಸ್ತೆ ಮುಟ್ಟಿದೆವು. ಭಾವ, ನೀವು ಅಲ್ಲಿರಲಿಲ್ಲ, ಆದರೂ ನಮ್ಮನ್ನು ದಡ ಮುಟ್ಟಿಸಿದವರು ನೀವೇ. ಇಷ್ಟು ವರ್ಷ ಓದಿದ ಯಾವ ಪುಸ್ತಕವೂ ನನ್ನ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದು ನನಗಾಗಿ ಬರೆದದ್ದಲ್ಲ. ನಿಮ್ಮ ಪೆಟ್ಟಿಗೆ ಹಾಗಿತ್ತು.

ಮುಂದಿನ ಸಲ ಮುಂದಿನ ಸೀಟು ನಿಮಗೆ. ಹಿಂದೆ ಕೂರಲು ನಿಮ್ಮ ತಂಗಿ ಒಪ್ಪಿದ್ದಾಳೆ. ನಿಮ್ಮ ಮಗಳ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ, ಅವಳು ಕೈ ಹಾಕಿದ್ದೆಲ್ಲ ಹೂವಾಗಲಿ. ಸ್ಪ್ಯಾನರು ಹಿಡಿಯುವ ನಿಮ್ಮ ಕೈ ನೂರು ವರ್ಷ ಗಟ್ಟಿಯಾಗಿರಲಿ.

ಇಂತಿ,
ನಿಮ್ಮ ತಂಗಿಯ ಗಂಡ

ತಾ.ಕ.: ಕೊನೆಗೆಂದು ಇಟ್ಟ ಮಾತು. ಹನ್ನೊಂದು ವರ್ಷದ ಹಿಂದೆ "ನಡೆಯುವವರ ಪಾಲಿನ ನಾಲ್ಕು ಅಡಿ" ಎಂಬ ಪತ್ರ ಪತ್ರಿಕೆಯಲ್ಲಿ ಬಂದಿತ್ತು. ಫುಟ್‌ಪಾತಿನ ಮೇಲೆ ಶೆಡ್ಡು ಹಾಕಿಕೊಂಡವರ ಮೇಲಿನ ದೂರು ಅದು. ಕೆಳಗೆ "ನೊಂದ ನಾಗರಿಕ" ಎಂದಷ್ಟೇ ಇತ್ತು. ಅದಾದ ವಾರಕ್ಕೆ ಮುನಿಸಿಪಾಲಿಟಿಯವರು ಬಂದು ನಿಮ್ಮ ಗ್ಯಾರೇಜಿನ ಶೆಡ್ಡು ಕೆಡವಿದರು. ಅಂದಿನಿಂದ ನೀವು ಇನ್ನೊಬ್ಬರ ಅಂಗಳದಲ್ಲಿ ಕೂತು ಕೆಲಸ ಮಾಡುತ್ತಿದ್ದೀರಿ. ಆ ಪತ್ರ ಬರೆದವನು ನಾನು. ಸಾಲಿನಲ್ಲಿ ಮೊದಲ ಶೆಡ್ಡು ಯಾರದೆಂದು ಗೊತ್ತಿದ್ದೇ ಬರೆದೆ. ಬರೆದದ್ದು ಸುಳ್ಳಲ್ಲ. ಆದರೆ ಮೊದಲು ನಿಮ್ಮೆದುರು ಬಂದು ಹೇಳಬೇಕಿತ್ತು, ಹೇಳಲಿಲ್ಲ. ಅಂದು ನೀವು ಮುರಿದ ತಗಡಿನ ಮೇಲೆ ಕೂತು ಅದನ್ನು ಪೂರ್ತಿ ಓದಿ, "ಯಾರು ಬರೆದ್ರೋ, ಕನ್ನಡ ಮಾತ್ರ ಚೆನ್ನಾಗಿದೆ ಭಾವ" ಎಂದು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಿರಿ. ತಿಳಿದೇ ಕೊಟ್ಟಿರಾ? ಇವತ್ತಿಗೂ ನನಗೆ ಗೊತ್ತಿಲ್ಲ. ನಿನ್ನೆ ನಿಮ್ಮ ತಂಗಿಗೆ ಎಲ್ಲ ಹೇಳಿದೆ. "ನನ್ನ ಹತ್ರ ಯಾಕೆ ಹೇಳ್ತೀರಿ? ಅಣ್ಣನಿಗೆ ಬರೀರಿ. ಈ ಸಲ ಸಹಿ ಹಾಕಿ" ಎಂದಳು.

ಹಾಕಿದ್ದೇನೆ.